ನೀಲಕ್ಕ ಗವರ್ನರನ ಪಗಾರ ಹಿಡಿದದ್ದು

ಹೊರಡುವ ಮುನ್ನ, ರಾಯಚೂರು

ಅಮೆರಿಕಕ್ಕೆ ಹೋಗಿ ಬಂದೆ ಎಂದರೆ ನಮ್ಮ ಓಣಿಯ ಹೆಂಗಸರು ಮೊದಲು ಕೇಳುವುದು ಸಮುದ್ರದ ನಡುವಿನ ಆ ದೊಡ್ಡ ಮೂರ್ತಿ ನೋಡಿದಿರಾ, ಜಲಪಾತ ನೋಡಿದಿರಾ ಎಂದು. ಎರಡೂ ನೋಡಲಿಲ್ಲ. ಒಂದೇ ಒಂದು ಚಿಕ್ಕ ಊರಿನಲ್ಲಿ ಇದ್ದು ಬಂದೆವು. ಅಲ್ಲಿ ನಮ್ಮ ನೀಲಕ್ಕ ಮುದುಕರೊಬ್ಬರ ಸಂಬಳಕ್ಕೆ ಸಂಚಕಾರ ತಂದರು. ನಾನು ಅದನ್ನು ಒಳ್ಳೆಯ ಇಂಗ್ಲಿಷಿಗೆ ಅನುವಾದಿಸಿದೆ.

ನೀಲಕ್ಕ ಎಂದರೆ ನನ್ನ ನೆಗೆಣ್ಣಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣಾ ದಂಡೆಯ ಗೂಗಲ್‌ಗೆ ಹೋಗುವ ದಾರಿಯ ಒಂದು ಹಳ್ಳಿಯ ಗ್ರಾಮ ಪಂಚಾಯಿತಿ ಅಧ್ಯಕ್ಷೆ. ಹಳ್ಳಿಯ ಆಡಳಿತದಲ್ಲಿರುವ ಹೆಂಗಸರಿಗೆ ಬೇರೆ ದೇಶದ ಊರಾಡಳಿತ ತೋರಿಸುವ ಒಂದು ಸಂಸ್ಥೆ ಅವರನ್ನು ಆರಿಸಿ, ಇಂಗ್ಲಿಷ್ ಬಲ್ಲವರೊಬ್ಬರನ್ನು ಜೊತೆಗೆ ಕರೆತರಬಹುದು ಎಂದಿತ್ತು. ಪಂಚಾಯಿತಿಯ ಪಿಡಿಒ ಸಾಹೇಬರು ತಾವೇ ಹೋಗುವುದೆಂದು ಸೂಟ್‌ಕೇಸ್ ಕೂಡ ಕೊಂಡಿದ್ದರಂತೆ. ನೀಲಕ್ಕ ಬಸ್ಸು ಹತ್ತಿ ನೇರ ನಮ್ಮ ಮನೆಗೆ ಬಂದರು. ಚಪ್ಪಲಿ ಬಿಡುವ ಮೊದಲೇ ಮಾತು ಶುರು.

"ಸುಮಾ, ನೀ ಬರಬೇಕು ನೋಡು ನನ್ ಜೋಡಿ. ಆ ಪಿಡಿಒನ್ನ ಕರಕೊಂಡ್ ಹೋದ್ರ ನಾ ಒಂದ್ ಅಂದ್ರ ಅಂವ ಇನ್ನೊಂದ್ ಹೇಳ್ತಾನ."

"ಅಕ್ಕಾ, ನಾ ಇಂಗ್ಲಿಷ್ ಮಾತಾಡಿ ಯಾವ ಕಾಲ ಆತ್ರಿ. ಔಷಧ ಬಾಟ್ಲಿ ಮ್ಯಾಲಿಂದು ಓದೋದ್ ಬಿಟ್ರ ನನಗೇನ್ ಕೆಲಸ ಅದ ಅದರಾಗ?"

"ಸಿಸ್ಟರ್‌ಗೋಳ ಹತ್ರ ಕಲ್ತೀದಿ. ಎಲ್ಲಿ ಹೋಗ್ತದ ಅದು? ಒಳಗ ಇರ್ತದ."

ಒಳಗೆ ಇತ್ತು, ನಿಜ. ಮಾನ್ವಿಯಿಂದ ನಮ್ಮಪ್ಪ ನನ್ನನ್ನು ರಾಯಚೂರಿನ ಕಾನ್ವೆಂಟಿಗೆ ಸೇರಿಸಿದ್ದು ಇಂಗ್ಲಿಷ್ ಬರಲಿ ಎಂದೇ. ಆದರೆ ಸಿಸ್ಟರ್‌ಗಳು ಕಲಿಸಿದ್ದು ಬಹಳ ಮರ್ಯಾದೆಯ ಇಂಗ್ಲಿಷ್. ಅದರಲ್ಲಿ ಧನ್ಯವಾದ ಹೇಳಬಹುದು, ಕ್ಷಮೆ ಕೇಳಬಹುದು, ಜಗಳ ಆಡಲು ಮಾತ್ರ ಬರುವುದಿಲ್ಲ. ನೀಲಕ್ಕನ ಕನ್ನಡವಾದರೋ ಪಂಚಾಯಿತಿಯ ಸಭೆಯಲ್ಲಿ ಹದಗೊಂಡದ್ದು. ಹಾಗಾಗಿ ವಿಮಾನದಲ್ಲೇ ಒಂದು ತೀರ್ಮಾನ ಮಾಡಿಕೊಂಡೆ: ಅಕ್ಕ ಏನೇ ಹೇಳಲಿ, ಅರ್ಧ ಖಾರ ತೆಗೆದು, ಮುಂದೊಂದು ಹಿಂದೊಂದು ‘ಪ್ಲೀಸ್’ ಸೇರಿಸಿ ದಾಟಿಸುವುದು.

ಹೆಲೆನ್ ಮನೆ

ಊರಿನ ಹೆಸರು ಬರೆಯಬೇಡಿ ಎಂದು ಹೆಲೆನ್ ಕೇಳಿಕೊಂಡಿದ್ದಾರೆ. ಅಮೆರಿಕದ ಈಶಾನ್ಯ ಮೂಲೆಯ ಹಳೆಯ ಊರು ಎಂದಷ್ಟೇ ಹೇಳುತ್ತೇನೆ. ನಾವು ಇಳಿದುಕೊಂಡದ್ದು ಅವರ ಮನೆಯಲ್ಲಿ. ಹೆಲೆನ್ ನಿವೃತ್ತ ಗಣಿತದ ಟೀಚರು, ಒಬ್ಬರೇ ಇರುತ್ತಾರೆ, ಊರಿನ ಹಣಕಾಸು ಸಮಿತಿಯ ಮುಖ್ಯಸ್ಥೆ.

ಮಾರ್ಚ್ ತಿಂಗಳು. ನಮ್ಮಲ್ಲಿ ಹೊತ್ತೇರುವ ಮೊದಲೇ ಕಿಟಕಿಯ ಪರದೆ ಎಳೆದು, ಮಾಳಿಗೆಗೆ ನೀರು ಚೆಲ್ಲುವ ಕಾಲ. ಅಲ್ಲಿ ಬೇಲಿ ಮುಚ್ಚಿಹೋಗುವಷ್ಟು ಹಿಮ. ಹೆಲೆನ್ ನಮಗೆ ಎರಡು ದಪ್ಪ ಕೋಟು ಕೊಟ್ಟರು. ನೀಲಕ್ಕ ಇಳಕಲ್ ಸೀರೆಯ ಮೇಲೆ ಕೋಟು ಹಾಕಲು ಒಪ್ಪಿದರು, ಸೆರಗನ್ನು ಕೋಟಿನೊಳಗೆ ಸೇರಿಸಲು ಒಪ್ಪಲಿಲ್ಲ. ಗುಂಡಿಗಳೆಲ್ಲ ಹಾಕಿಯಾದ ಮೇಲೆ ಸೆರಗನ್ನು ಹೊರಗೆಳೆದು ತಲೆಯ ಮೇಲಿಂದ ಹೊದ್ದರು. ಬೀದಿಯಲ್ಲಿ ಎದುರು ಬಂದವರು "ಹೇಗಿದ್ದೀರಿ?" ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ಹೋಗಿಬಿಡುತ್ತಿದ್ದರು. "ಚಲೋ ಅದೀವಿ, ನೀವು ಹೆಂಗದೀರಿ, ಮನ್ಯಾಗ ಎಲ್ಲಾರೂ ಹೆಂಗದಾರ?" ಎಂದು ನೀಲಕ್ಕ ಹೇಳಿ ಮುಗಿಸುವ ಹೊತ್ತಿಗೆ ಅವರು ಮುಂದಿನ ತಿರುವಿನಲ್ಲಿರುತ್ತಿದ್ದರು.

ಹೆಲೆನ್ ಮನೆಯ ಜಿಪುಣತನ ನೋಡಿ ಅಕ್ಕನಿಗೆ ಬಹಳ ಖುಷಿಯಾಯಿತು. ಚಹಾದ ಒಂದೇ ಪೊಟ್ಟಣವನ್ನು ಎರಡು ಕಪ್ಪಿಗೆ ಅದ್ದುವುದು, ಪ್ಲಾಸ್ಟಿಕ್ ಚೀಲ ತೊಳೆದು ನಲ್ಲಿಗೆ ನೇತುಹಾಕುವುದು, ಕೋಣೆಯಿಂದ ಹೊರಬೀಳುವಾಗಲೆಲ್ಲ ದೀಪ ಆರಿಸುವುದು. ಒಮ್ಮೆ ನಾನು ಒಳಗಿರುವಾಗಲೇ ಬಚ್ಚಲಿನ ದೀಪ ಆರಿತು.

"ಇಂಥಾಕಿ ಒಬ್ಬಾಕಿ ನಮ್ಮ ಪಂಚಾಯ್ತಿಗೆ ಬೇಕಾಗಿತ್ತು," ಎಂದರು ನೀಲಕ್ಕ. ನಾನು ಅದನ್ನು ಹಾಗೇ ದಾಟಿಸಿದೆ. ಹೆಲೆನ್ ಕೆಂಪಾದರು.

ಹಳೆಯ ಶಾಸನಸಭೆ

ಅಮೆರಿಕ ಸ್ವತಂತ್ರವಾದ ಹೊಸದರಲ್ಲಿ ಆ ರಾಜ್ಯದ ಶಾಸನಸಭೆ ಕೆಲ ಕಾಲ ಇದೇ ಊರಿನಲ್ಲಿ ಸೇರುತ್ತಿತ್ತಂತೆ. ಆಮೇಲೆ ರಾಜಧಾನಿ ಬೇರೆ ಕಡೆ ಹೋಯಿತು, ಮರದ ಆ ಕಟ್ಟಡ ಊರಿಗೆ ಉಳಿಯಿತು. ಅದನ್ನು ನೋಡಿಕೊಳ್ಳುವವರು ವಾಲ್ಟರ್. ಬೀಗದ ಕೈ ಅವರದು, ಪೊರಕೆಯೂ ಅವರದು, ಬಂದವರಿಗೆ ಕಥೆ ಹೇಳುವುದೂ ಅವರೇ. ಎಪ್ಪತ್ತು ದಾಟಿದ, ಉದ್ದಕ್ಕೆ ಬೆಳೆದು ಮೇಲೆ ಸ್ವಲ್ಪ ಬಾಗಿದ ಮನುಷ್ಯ. ಕಾಲರಿನವರೆಗೆ ಬಿಳಿ ಕೂದಲಿನ ಟೋಪನ್, ಹಿತ್ತಾಳೆ ಗುಂಡಿಯ ನೀಲಿ ಕೋಟು, ಮೊಣಕಾಲಿನವರೆಗೆ ಬಿಳಿ ಕಾಲುಚೀಲ. ಅದರ ಕೆಳಗೆ ಮಾತ್ರ ಹಿಮ ಮೆತ್ತಿದ ಈಗಿನ ಕಾಲದ ರಬ್ಬರ್ ಬೂಟು.

ಹೆಲೆನ್ ನಮ್ಮನ್ನು ಕರೆದುಕೊಂಡು ಹೋದಾಗ ಇನ್ನೂ ಹತ್ತು ಹದಿನೈದು ಜನ ಇದ್ದರು. ವಾಲ್ಟರ್ ಎಲ್ಲರನ್ನೂ ಹಳೆಯ ಬೆಂಚುಗಳ ಮೇಲೆ ಕೂರಿಸಿ, ಈಗ ನೀವೆಲ್ಲ ಶಾಸಕರು, ನಾನು ಗವರ್ನರ್ ಎಂದರು. ಟೋಪಿಯನ್ನು ಕೈಯಲ್ಲಿ ಹಿಡಿದು ಮುಂದೆ ನಿಂತರು.

"ಮಾನ್ಯ ಸದಸ್ಯರೇ, ನನ್ನ ಸಂಬಳವನ್ನು ಕಾಯಮ್ಮಾಗಿ ಗೊತ್ತುಮಾಡಿ. ವರ್ಷ ವರ್ಷವೂ ಹೀಗೆ ಟೋಪಿ ಹಿಡಿದು ನಿಮ್ಮ ಮುಂದೆ ನಿಲ್ಲಿಸಬೇಡಿ."

ನಾನು ಅಕ್ಕನ ಕಿವಿಯಲ್ಲಿ ಹೇಳಿದೆ. ಉಳಿದವರು ನಗುತ್ತ ಫೋಟೋ ತೆಗೆಯುತ್ತಿದ್ದರು. ನೀಲಕ್ಕ ನಗಲಿಲ್ಲ. ಸಭೆಯಲ್ಲಿ ಕೂತ ಕೂಡಲೇ ಅವರ ಬೆನ್ನು ನೆಟ್ಟಗಾಗುತ್ತದೆ.

"ಹೊಲ ಎಷ್ಟ್ ಅದ ಕೇಳು ಅಂವಗ."

"ಬೇಕಾದಷ್ಟಿದೆ, ಮೇಡಂ," ಎಂದರು ಗವರ್ನರು.

"ಕುದ್ರಿ?"

"ಇವೆ."

"ಹಂಗಾರ ಅವಸರ ಏನದ?" ನೀಲಕ್ಕ ಎದ್ದು ನಿಂತರು. "ಖಾಯಂ ಮಾಡಬ್ಯಾಡ್ರಿ ನೀವು. ನಮ್ಮೂರಾಗ ನೀರು ಬಿಡಂವನ ಪಗಾರ ಖಾಯಂ ಮಾಡಿದ್ವಿ. ಆದ ಮರುದಿನದಿಂದ ಫೋನ್ ಎತ್ತೂದ್ ಬಿಟ್ಟ. ವರ್ಷಾ ವರ್ಷಾ ಬಂದು ಕೇಳ್ಲಿ ಇಂವ. ಅಂವ ಕೇಳಾಕ ಬಂದಾಗ ನಾವ್ ಕೇಳೂದೂ ಕೇಳೂಣು. ಈ ವರ್ಷ ಪಗಾರ ಬ್ಯಾಡ. ಮೊದ್ಲು ಕೆಲಸ ನೋಡೂಣು."

ನಾನು ಖಾರ ತೆಗೆಯುವುದನ್ನು ಮರೆತೆ. ಆ ಬೆಂಚುಗಳ ಮೇಲೆ ಅಷ್ಟು ಜನ ಕಿವಿಗೊಟ್ಟು ಕೂತಿರುವಾಗ, ಕಾನ್ವೆಂಟಿನ ಭಾಷಣ ಸ್ಪರ್ಧೆಯ ದನಿ ಎಲ್ಲಿತ್ತೋ ಎದ್ದು ಬಂತು. ಒಂದೂ ‘ಪ್ಲೀಸ್’ ಇಲ್ಲದೆ, ಕೈ ಆಡಿಸಿ ಆಡಿಸಿ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ವಾಲ್ಟರ್ ಮತಕ್ಕೆ ಹಾಕಿದರು. ಎಲ್ಲ ಕೈಗಳೂ ನೀಲಕ್ಕನ ಕಡೆಗೆ ಎದ್ದವು. ಗವರ್ನರನ ಪಗಾರ ನಿಂತಿತು.

ವಾಲ್ಟರ್ ಟೋಪನ್ ತೆಗೆದು ಬೋಳುತಲೆ ಒರೆಸಿಕೊಂಡರು. "ಈ ಅಮ್ಮ ಹೇಳಿದ್ದನ್ನೇ ಆ ಕಾಲದ ರೈತರೂ ಹೇಳುತ್ತಿದ್ದರು," ಎಂದರು. ಇಂಗ್ಲೆಂಡಿನ ರಾಜನ ಕಾಲದಲ್ಲಿ ಗವರ್ನರುಗಳು ಮಾತು ಕೇಳಲಿ ಎಂದು ಸಭೆಗಳು ಅವರ ಸಂಬಳವನ್ನು ವರ್ಷಕ್ಕೊಮ್ಮೆ, ಅದೂ ಸತಾಯಿಸಿ, ಕೊಡುತ್ತಿದ್ದವಂತೆ. ರಾಜ ಹೋದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ತೆರಿಗೆ ಕಟ್ಟಲಾಗದ ರೈತರು ಅಧಿಕಾರಿಗಳ ಸಂಬಳ ಇಳಿಸಿ ಎಂದರು. ಅಧಿಕಾರಿಗಳು ನೀವು ಕೊಡುವ ಕಾಗದದ ನೋಟಿಗೆ ಬೆಲೆಯೇ ಇಲ್ಲ ಎಂದರು. ಶಾಸಕರು ದಿನದ ಭತ್ಯೆಗಾಗಿ ಸಭೆ ಎಳೆಯುತ್ತಾರೆ ಎಂದು ಎಲ್ಲರೂ ಬೈದರು.

"ಇನ್ನೊಂದು ಕಡೆಯವರ ಪ್ರಶ್ನೆಯೂ ಇತ್ತು," ಎಂದರು ವಾಲ್ಟರ್. "ನಿಮ್ಮ ಕೈ ನೋಡಿಕೊಂಡು ಬದುಕುವ ಗವರ್ನರ್ ನಿಮಗೆ ‘ಆಗುವುದಿಲ್ಲ’ ಎನ್ನುವುದು ಹೇಗೆ? ಸಂಬಳ ಕೊಡುವವನ ಮೊಕದ್ದಮೆಯೇ ಮುಂದೆ ಬಂದರೆ ನ್ಯಾಯಾಧೀಶ ಏನು ಮಾಡಬೇಕು?"

ನೀಲಕ್ಕ ತಲೆದೂಗಿದರು. "ಮುದುಕ ಚಲೋ ಅದಾನ. ಸೋತ್ರೂ ನಗ್ತಾನ."

ಊಟದ ಮೇಜು

ಅಂದು ಸಂಜೆ ಹೆಲೆನ್ ಆಲೂಗಡ್ಡೆ ಬೇಯಿಸಿದ್ದರು. ನಾವು ಕಟ್ಟಿಕೊಂಡು ಹೋಗಿದ್ದ ಖಡಕ್ ರೊಟ್ಟಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿ ಮೇಜಿನ ಮೇಲಿದ್ದವು. ಹೆಲೆನ್ ರೊಟ್ಟಿಯನ್ನು ಬಿಸ್ಕತ್ತಿನಂತೆ ಕಟಕಟ ಕಡಿಯುತ್ತ, ಬಹಳ ಉತ್ಸಾಹದಲ್ಲಿದ್ದರು.

"ಅಧ್ಯಕ್ಷರ ಮಾತು ಎಷ್ಟು ಚೆನ್ನಾಗಿತ್ತು. ಅದನ್ನು ನಾನು ಶನಿವಾರ ಊರ ಸಭೆಯಲ್ಲಿ ಹೇಳಬಹುದೇ, ಪ್ಲೀಸ್?"

"ಖಂಡಿತ, ಸಂತೋಷದಿಂದ," ಎಂದೆ. ಯಾರಾದರೂ ‘ಪ್ಲೀಸ್’ ಎಂದರೆ ಹಾಗೆನ್ನಬೇಕು ಎಂದು ನಮಗೆ ಕಲಿಸಿದ್ದಾರೆ. ಆಮೇಲೆ, ಯಾವ ವಿಷಯಕ್ಕೆ ಎಂದು ಕೇಳಿದೆ.

ವಿಷಯ ವಾಲ್ಟರ್ ಆಗಿದ್ದರು. ಆ ಊರಿನಲ್ಲಿ ವರ್ಷಕ್ಕೊಮ್ಮೆ ಜನರೆಲ್ಲ ಸೇರಿ ಊರಿನ ಖರ್ಚನ್ನು ಒಂದೊಂದಾಗಿ ಕೈಯೆತ್ತಿ ಒಪ್ಪುತ್ತಾರೆ. ಶಾಲೆಯ ಸೂರು ಸೋರುತ್ತಿದೆ, ಎಲ್ಲಿಯಾದರೂ ಉಳಿಸಲೇಬೇಕು. ಹಳೆಯ ಶಾಸನಸಭೆಯ ಕೆಲಸವನ್ನು ಸಂಬಳವಿಲ್ಲದೆ, ಸೇವೆ ಎಂದು ಮಾಡಲು ನಿವೃತ್ತರು ಎಷ್ಟೋ ಜನ ಇದ್ದಾರೆ. ವಾಲ್ಟರ್ ಸಂಬಳ ನಿಲ್ಲಿಸಿಬಿಡಿ ಎಂಬುದು ಹೆಲೆನ್ ಸಮಿತಿಯ ಸಲಹೆ.

"ಆಗ ವಾಲ್ಟರ್ ಅವರು?" ಎಂದು ಕೇಳಿದೆ.

ಹೆಲೆನ್ ರೊಟ್ಟಿ ಕೆಳಗಿಟ್ಟರು. "ಪುಕ್ಕಟೆ ಮಾಡುವ ಸ್ಥಿತಿ ಅವನದಲ್ಲ. ಪಕ್ಕದ ಊರಿನ ಅಂಗಡಿಯಲ್ಲಿ ಗಿರಾಕಿಗಳ ಸಾಮಾನು ಚೀಲಕ್ಕೆ ತುಂಬುವ ಕೆಲಸ ಕೇಳಿಟ್ಟಿದ್ದಾನೆ. ದಿನವಿಡೀ ನಿಲ್ಲಬೇಕು. ನನಗೂ ಬೇಜಾರಿದೆ. ಆದರೆ ಮಕ್ಕಳ ತಲೆಯ ಮೇಲೆ ನೀರು ಸೋರುತ್ತಿದೆ."

ನಾನು ಮೆಲ್ಲಗೆ ಎಲ್ಲವನ್ನೂ ಅಕ್ಕನಿಗೆ ಹೇಳಿದೆ.

"ನೀ ಹೂಂ ಅಂದೀಯೇನು?"

"ಹೂನ್ರಿ."

"ನನ್ನ ಕೇಳ್ಲಾರ್ದ?"

"ಅವರು ಪ್ಲೀಸ್ ಅಂದ್ರು, ಅಕ್ಕಾ."

ನೀಲಕ್ಕ ತಟ್ಟೆಯಲ್ಲಿ ಕೈ ಹಾಗೇ ಇಟ್ಟು ನನ್ನನ್ನೇ ನೋಡಿದರು. "ನಾ ಆಟದಾಗ ಆಡಿದ್ ಮಾತು. ಅದನ್ ಒಯ್ದು ಖರೇ ಮನಷ್ಯಾನ ಹೊಟ್ಟಿ ಮ್ಯಾಲ ಹಾಕ್ತಾಳಲ್ಲ ಈಕಿ."

"ಬ್ಯಾಡ ಅಂತ ಹೇಳ್ಲೇನ್ರಿ?"

"ಆಕಿ ಮನ್ಯಾಗ ಉಣ್ಣಾಕತ್ತೀವಿ. ಹೆಂಗ್ ಹೇಳ್ತಿ?" ಎಂದವರು, ಎರಡು ತುತ್ತಿನ ನಂತರ, "ಹೇಳು," ಎಂದರು.

ಹೇಳಿದೆ. ಹೆಲೆನ್ ಗಣಿತದ ಟೀಚರಂತೆಯೇ ಉತ್ತರಿಸಿದರು. ಆ ಮಾತನ್ನು ನೀವು ಹತ್ತು ಜನರ ಮುಂದೆ ಹೇಳಿದ್ದು ಹೌದೋ ಅಲ್ಲವೋ? ಹೌದು. ಹಾಗಾದರೆ ನೀವು ಹೇಳಿದಿರಿ ಎಂದು ನಾನು ಹೇಳುತ್ತೇನೆ. ಬೇರೆ ಏನಾದರೂ ಹೇಳುವುದಿದ್ದರೆ ನೀವೇ ಬಂದು ಸಭೆಯ ಅನುಮತಿ ಕೇಳಿ. ಹೊರಗಿನವರಿಗೂ ಅದಕ್ಕೆ ಅವಕಾಶ ಉಂಟು. ಇಷ್ಟು ಹೇಳಿ, ಗುರೆಳ್ಳು ಹಿಂಡಿ ಇನ್ನೊಂದಿಷ್ಟು ಹಾಕಿಕೊಂಡರು.

ಶನಿವಾರ, ಶಾಲೆಯ ಆಟದ ಹಾಲ್

ಸಭೆ ಸೇರಿದ್ದು ಅದೇ ಸೋರುವ ಶಾಲೆಯ ಆಟದ ಹಾಲಿನಲ್ಲಿ. ಮೂಲೆಯಲ್ಲಿ ಹನಿ ಬೀಳುವ ಕಡೆ ಹೆಲೆನ್ ತಾವೇ ಒಂದು ಬಕೆಟ್ ತಂದಿಟ್ಟರು. ದಿನವೂ ಅಲ್ಲಿ ಬಕೆಟ್ ಇಡುತ್ತಾರೋ, ಸಭೆಗೆ ಕಾಣಲೆಂದು ಅಂದಷ್ಟೇ ಇಟ್ಟರೋ ಗೊತ್ತಾಗಲಿಲ್ಲ. "ಶಾಣ್ಯಾ ಅದಾಳ," ಎಂದರು ನೀಲಕ್ಕ.

ಎಲ್ಲರೂ ಮನೆಯಿಂದ ತಮ್ಮ ತಮ್ಮ ಕಾಫಿ ಲೋಟ ತಂದಿದ್ದರು. ಹೆಂಗಸರು ಉಲ್ಲನ್ ಹೆಣೆಯುತ್ತ ಕೂತಿದ್ದರು, ಇಬ್ಬರು ಗಂಡಸರೂ ಹೆಣೆಯುತ್ತಿದ್ದರು. ಬಾಗಿಲ ಬಳಿ ಸೇಬಿನ ಸಿಹಿ ರೊಟ್ಟಿ ಮಾರುತ್ತಿದ್ದರು. ಊರವರ ಕೈಯಲ್ಲಿ ಹಳದಿ ಚೀಟಿ. ಅದು ಇದ್ದವರಿಗಷ್ಟೇ ಮತ. ನಮ್ಮನ್ನು ಗೋಡೆಗೆ ಹಚ್ಚಿದ ಬೆಂಚಿನಲ್ಲಿ ಕೂರಿಸಿದರು. ಹಿಮ ತೆಗೆಯುವ ಗಾಡಿಯ ಮೇಲೆ ಚರ್ಚೆ ಬಹಳ ಹೊತ್ತು ನಡೆಯಿತು. ಒಬ್ಬರೂ ದನಿಯೇರಿಸಲಿಲ್ಲ, ಒಂದು ಫೋನೂ ಬಡಿದುಕೊಳ್ಳಲಿಲ್ಲ.

"ಮಾತಾಡೋ ಹೆಂಗಸರ ಬಾಜೂಕ ಯಾರ ಗಂಡಾನೂ ಕುಂತಿಲ್ಲಲ್ಲ," ಎಂದು ನೀಲಕ್ಕ ಪಿಸುಗುಟ್ಟಿದರು. ನಮ್ಮಲ್ಲಿ ಅಧ್ಯಕ್ಷೆಯ ಗಂಡನಿಗೆ ಕುರ್ಚಿ ಮೊದಲು ಬರುತ್ತದೆ. ನಮ್ಮ ಭಾವನವರು ಅಂಥವರಲ್ಲ, ಅವರನ್ನು ಅಕ್ಕ ಹಾಗೆ ಕೂರಲೂ ಬಿಟ್ಟಿಲ್ಲ.

ಅಕ್ಕನಿಗೆ ತಡೆಯಲಾಗದೆ ಹೋದದ್ದು ಬೇರೆ. ವಾಲ್ಟರ್ ವಿಷಯ ಬಂದಾಗ ವಾಲ್ಟರ್ ಅಲ್ಲೇ, ಮೂರನೆಯ ಸಾಲಿನಲ್ಲಿ, ಮಂಕು ಬಣ್ಣದ ಸ್ವೆಟರ್ ಹಾಕಿ ಕೂತಿದ್ದರು. ಟೋಪನ್ ಇಲ್ಲದೆ ಸಣ್ಣವರಾಗಿ ಕಂಡರು. ಅಕ್ಕಪಕ್ಕದ ಮನೆಯವರು ಒಬ್ಬೊಬ್ಬರಾಗಿ ಎದ್ದು, ಈ ಮನುಷ್ಯನ ಕೆಲಸಕ್ಕೆ ಅಷ್ಟು ಬೆಲೆ ಇದೆಯೋ ಇಲ್ಲವೋ ಎಂದು ಅವರ ತಲೆಯ ಮೇಲಿಂದಲೇ ಮಾತಾಡುತ್ತಿದ್ದರು.

"ಅಂವನ್ನ ಹೊರಗ ಚಹಾಕ್ಕರ ಕಳಸಬಾರದಾ ಇವರು," ಎಂದರು ನೀಲಕ್ಕ. ಪಂಚಾಯಿತಿಯಲ್ಲಿ ಯಾರದಾದರೂ ಪಗಾರದ ಮಾತು ಬಂದರೆ ಆ ಮನುಷ್ಯನಿಗೆ "ಹೋಗಿ ಚಹಾ ಹೇಳಿ ಬಾ" ಎನ್ನುವುದು ವಾಡಿಕೆ. ಯಾಕೆ ಕಳಿಸುತ್ತಿದ್ದಾರೆಂದು ಅವನಿಗೂ ಗೊತ್ತಿರುತ್ತದೆ. ಚಹಾದಂಗಡಿಯಲ್ಲಿ ಬೇಕೆಂದೇ ತಡ ಮಾಡಿ ಬರುತ್ತಾನೆ.

ಹೆಲೆನ್ ಎದ್ದರು. ಸೂರಿನ ಬಗ್ಗೆ ಹೇಳಿದರು, ಬಕೆಟ್ಟಿನ ಕಡೆ ಕೈ ತೋರಿಸಿದರು. ಕೊನೆಗೆ, ಭಾರತದ ಒಂದು ಊರಿನ ಅಧ್ಯಕ್ಷೆ ನಮ್ಮ ಹಳೆಯ ಶಾಸನಸಭೆಯಲ್ಲೇ ನಿಂತು ‘ಮೊದಲು ಕೆಲಸ ನೋಡೋಣ, ಈ ವರ್ಷ ಸಂಬಳ ಬೇಡ’ ಎಂದರು, ಅವರು ಇಲ್ಲೇ ಇದ್ದಾರೆ ಎಂದರು. ಇಡೀ ಹಾಲ್ ನಮ್ಮ ಕಡೆ ತಿರುಗಿತು. ವಾಲ್ಟರ್ ಕೂಡ ತಿರುಗಿ, ಪಾಪ, ನಕ್ಕರು.

ನೀಲಕ್ಕ ಎದ್ದರು. ನಾನೂ ಎದ್ದೆ. ಸಭೆ ನಡೆಸುವ ಹೆಂಗಸು ಮರದ ಸುತ್ತಿಗೆ ಬಡಿದು, ಅತಿಥಿಗೆ ಮಾತಾಡಲು ಅವಕಾಶ ಕೊಡಬಹುದೇ ಎಂದು ಕೇಳಿದರು. ಹಳದಿ ಚೀಟಿಗಳು ಎದ್ದವು. ಹೆಲೆನ್ ಅವರದೂ ಎದ್ದಿತ್ತು.

"ನಾ ಅಂದಿದ್ದು ಗವರ್ನರನ ಮಾತು," ಎಂದರು ನೀಲಕ್ಕ. "ಗವರ್ನರ್ ಕೈಯಾಗ ಅಧಿಕಾರ ಇರ್ತದ. ಅಂವನ ಪಗಾರ ಹಿಡದ್ರ ಅಧಿಕಾರ ಒಂಚೂರು ಬಗ್ಗತದ. ಈ ಯಪ್ಪನ ಕೈಯಾಗ ಏನದ? ಕೀಲಿಕೈ ಅದ, ಕಸಬರಿಗಿ ಅದ. ಏನ್ ಬಗ್ಗಸ್ತೀರಿ ಇಂವಂದು?"

ನಾನು ಹೇಳಿದೆ. ಈ ಸಲವೂ ಏನನ್ನೂ ತೆಗೆಯಲಿಲ್ಲ.

"ಸೇವಾ ಅಂತ ಮಾಡಂವ ಸಿಗ್ತಾನ ಅಂತೀರಿ. ಸಿಗ್ತಾನ. ನಮ್ಮೂರಾಗ ಲೈಬ್ರರಿ ಒಬ್ಬಂವ ಸೇವಾ ಅಂತ ನಡೆಸಿದ. ಬಾಗ್ಲ ಯಾವಾಗ ತೆಗಿತಾನ ಅಂವಗ ಗೊತ್ತು, ಶಿವಗ ಗೊತ್ತು. ಯಾಕಪ್ಪಾ ಅಂತ ಕೇಳಾಕ ಹೋದ್ರ, ‘ನಾನೇನ್ ಪಗಾರ ತಗೋತೀನೇನ್ರೀ’ ಅಂತಾನ. ನಾ ಅಧ್ಯಕ್ಷಿ, ಬಾಯಿ ಮುಚಗೊಂಡ್ ಬಂದೆ."

‘ಶಿವ’ನನ್ನು ಹಾಗೇ ಇಟ್ಟೆ. ಜನಕ್ಕೆ ಅರ್ಥವಾಯಿತು. ನಗು ಎದ್ದಿತು. ಅದರ ನಡುವೆ ಹಿಂದಿನ ಸಾಲಿನ ಒಬ್ಬ ಗಂಡಸು, "ವಾಲ್ಟರ್ ಕೂಡ ಸೋಮವಾರ ತಡವಾಗಿಯೇ ಬಾಗಿಲು ತೆಗೆಯುತ್ತಾನೆ," ಎಂದರು.

ವಾಲ್ಟರ್ ಎದ್ದು ನಿಂತರು. "ಒಪ್ಪಿದೆ. ಸೋಮವಾರ ನನ್ನ ಕಾರು ನನಗಿಂತ ನಿಧಾನಕ್ಕೆ ಏಳುತ್ತದೆ."

ನಾನು ಅನುವಾದಿಸುತ್ತಿದ್ದಂತೆ ನೀಲಕ್ಕನ ಮುಖ ಅರಳಿತು. ಆ ಗಂಡಸಿನ ಕಡೆಗೆ ಕೈ ತೋರಿಸಿದರು. "ನೋಡ್ರಿ, ಈಗ ಇವರು ಕೇಳಿದ್ರು. ಇಂವ ಎದ್ದ್ ನಿಂತು ಜವಾಬ್ ಕೊಟ್ಟ. ಪಗಾರ ಕೊಡ್ತೀರಿ, ಅದಕ ಕೇಳಾಕ ಬಂತು. ನಾಳೆ ಪುಕ್ಸಟ್ಟೆ ಬರಂವನ್ನ ಹಿಂಗ ಎಬ್ಬಿಸಿ ಕೇಳ್ರಿ ನೋಡೂಣು."

ಇಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಕೂತುಬಿಟ್ಟರು. ಕೊನೆಯ ವಾಕ್ಯ ದಾಟಿಸಲು ನಾನೊಬ್ಬಳೇ ನಿಂತಿದ್ದೆ.

ಮತಕ್ಕೆ ಹಾಕಿದರು. ಹೆಲೆನ್ ಸಲಹೆಗೆ ಎದ್ದ ಚೀಟಿಗಳು ಕಡಿಮೆ ಏನಲ್ಲ. ವಿರುದ್ಧ ಎದ್ದವು ಇನ್ನೊಂದಿಷ್ಟು ಹೆಚ್ಚು. ವಾಲ್ಟರ್ ತಮ್ಮ ಚೀಟಿಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. ತಮ್ಮ ಸಂಬಳಕ್ಕೆ ತಾವೇ ಕೈಯೆತ್ತುವವರ ಕಥೆಯನ್ನು ದಿನವೂ ಹೇಳುವ ಮನುಷ್ಯ ಹೇಗೆ ತಾನೆ ಎತ್ತಿಯಾರು? "ಎತ್ತಪಾ ಕೈ, ಎತ್ತು," ಎಂದು ನೀಲಕ್ಕ ಹಲ್ಲು ಕಚ್ಚಿ ಗೊಣಗುತ್ತಿದ್ದರು. ಎತ್ತಲಿಲ್ಲ, ಬೇಕಾಗಲೂ ಇಲ್ಲ. ಸಂಬಳ ಉಳಿಯಿತು.

ಹೆಲೆನ್ ಬಂದರು. ನಾನು ಕಾಲಬೆರಳು ನೋಡುತ್ತ ನಿಂತೆ. ಅವರು ಸೇಬಿನ ಸಿಹಿ ರೊಟ್ಟಿಯ ಒಂದು ತುಂಡನ್ನು ಮೂರು ಪಾಲು ಮಾಡಿ ನಮಗೆರಡು ಕೊಟ್ಟರು.

"ಸೂರಿಗೆ ಬೇರೆ ಕಡೆ ಹುಡುಕಬೇಕು," ಎಂದರು. ಸ್ವಲ್ಪ ಹೊತ್ತು ಅಗಿದು, "ಸೋಮವಾರ ತಡ ಎನ್ನುವುದು ನನಗೆ ಗೊತ್ತಿರಲಿಲ್ಲ," ಎಂದರು.

ಸೋಮವಾರ ಬೆಳಿಗ್ಗೆ

ಮಧ್ಯಾಹ್ನ ನಾವು ಹೊರಡುವುದಿತ್ತು. ನಾನು ಪೆಟ್ಟಿಗೆ ಕಟ್ಟುತ್ತಿದ್ದೆ. ನೀಲಕ್ಕ ಕೋಟು ಹಾಕಿ, ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದರು.

"ನಡಿ, ಒಂಚೂರು ಹೋಗಿ ಬರೂಣು."

ಎಲ್ಲಿಗೆಂದು ಕೇಳಲಿಲ್ಲ. ಹಿಮದಲ್ಲಿ ಇಬ್ಬರೂ ಕೈ ಕೈ ಹಿಡಿದು, ಜಾರುತ್ತ, ಹಳೆಯ ಶಾಸನಸಭೆಯ ಎದುರಿನ ಕಾಲುದಾರಿಗೆ ಬಂದೆವು. ತೆರೆಯುವ ಹೊತ್ತು ಇನ್ನೂ ಆಗಿರಲಿಲ್ಲ. ವಾಲ್ಟರ್ ಕಾರು ಆಗಲೇ ಅಲ್ಲಿತ್ತು. ಮೆಟ್ಟಿಲ ಹಿಮವೆಲ್ಲ ಎತ್ತಿ ಬದಿಗೆ ಗುಡ್ಡೆ ಹಾಕಿತ್ತು. ಎರಡೂ ಬಾಗಿಲು ಹಾರು ಹೊಡೆದು ತೆರೆದಿದ್ದವು, ಆ ಚಳಿಯಲ್ಲಿ. ಒಳಗಿನಿಂದ ಪೊರಕೆಯ ಸದ್ದು.

ನೀಲಕ್ಕ ಸ್ವಲ್ಪ ಹೊತ್ತು ನೋಡಿದರು. "ಹೂಂ," ಎಂದು ಹಿಂತಿರುಗಿದರು.

"ಒಳಗ ಹೋಗಿ ಮಾತಾಡ್ಸೂದಿಲ್ಲೇನ್ರಿ, ಅಕ್ಕಾ?"

"ಮಾತಾಡ್ಸೂದು ಏನದ? ಬಾಗ್ಲ ನೋಡಾಕ ಬಂದಿದ್ವಿ. ನೋಡಿದ್ವಿ."

ತಿರುವಿನಲ್ಲಿ ಮರದ ಮರೆಗೆ ಒಬ್ಬರು ನಿಂತಿದ್ದರು. ಕೈಯಲ್ಲಿ ಕಾಫಿಯ ಲೋಟ, ಕಣ್ಣು ಹಳೆಯ ಶಾಸನಸಭೆಯ ಬಾಗಿಲ ಮೇಲೆ. ಅಂಗಡಿಯಿಂದ ಹಾಲು ತರುತ್ತೇನೆಂದು ನಮಗಿಂತ ಮುಂಚೆ ಮನೆ ಬಿಟ್ಟಿದ್ದ ಹೆಲೆನ್. ನಮ್ಮನ್ನು ಕಂಡ ಕೂಡಲೇ ಕೈಗಡಿಯಾರವನ್ನು ಕೋಟಿನ ತೋಳಿನೊಳಗೆ ಸರಿಸಿಕೊಂಡರು. ನೀಲಕ್ಕ ಹೆಲೆನ್ ಮುಖ ನೋಡಿದರು. ಹೆಲೆನ್ ನೀಲಕ್ಕನ ಮುಖ ನೋಡಿದರು. ನಾನು ಅನುವಾದಿಸಬೇಕಾದದ್ದು ಏನೂ ಇರಲಿಲ್ಲ. ಮೂವರೂ ಒಟ್ಟಿಗೆ ಹಾಲು ತರಲು ಹೋದೆವು.